ನೋಯಿಸದೆ ತಿಳಿಯಬಹುದೆ?

ತಿಳಿವು ದೋಷವಲ್ಲ. ಜ್ಞಾನವೇ ಆತ್ಮನ ಸ್ವಭಾವವೆಂದು ಸಾರಿದ ಧರ್ಮವು ಅರಿವನ್ನು ಅಂಜಿಕೆಯಿಂದ ಕಾಣಬೇಕಾದ ಕಾರಣವಿಲ್ಲ. ಆದರೆ ಲೌಕಿಕ ಜ್ಞಾನವನ್ನು ಗಳಿಸುವ ದಾರಿಯಲ್ಲಿ ಯಾವ ಜೀವಕ್ಕೆ ಏನಾಯಿತು ಎಂಬ ಪ್ರಶ್ನೆಯನ್ನು ಅದೇ ಧರ್ಮವು ಎಂದೂ ಕೈಬಿಟ್ಟಿಲ್ಲ. ಜೀವಶಾಸ್ತ್ರದ ಚರಿತ್ರೆಯ ಪುಟಗಳನ್ನು ತಿರುವಿದರೆ ಈ ಪ್ರಶ್ನೆಯ ಭಾರ ತಾನಾಗಿಯೇ ಅರಿವಾಗುತ್ತದೆ. ಬದುಕಿನ ಗುಟ್ಟನ್ನು ತಿಳಿಯಬೇಕೆಂದು ಮನುಷ್ಯನು ಬದುಕಿರುವುದನ್ನು ಸೀಳಿದ್ದಾನೆ, ಬಣ್ಣದಲ್ಲಿ ಅದ್ದಿದ್ದಾನೆ, ಹಿಮಗಟ್ಟಿಸಿದ್ದಾನೆ. ಹಾಗೆ ದೊರೆತ ಜ್ಞಾನದಿಂದ ಕೋಟ್ಯಂತರ ರೋಗಿಗಳು ಬದುಕಿ ಉಳಿದಿದ್ದಾರೆ ಎಂಬುದೂ ಅಷ್ಟೇ ನಿಜ. ಈ ಎರಡು ನಿಜಗಳ ನಡುವೆ ನಿಂತ ಗೃಹಸ್ಥನು ಒಂದನ್ನು ಮರೆತು ಇನ್ನೊಂದನ್ನು ಮಾತ್ರ ನೆನೆಯುವುದು ಸುಲಭ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡು ನಡೆಯುವುದು ಕಷ್ಟ.

ಈ ಕಷ್ಟವನ್ನು ಒಂದು ಸಣ್ಣ ಉಪಕರಣವನ್ನು ಎದುರಿಗಿಟ್ಟುಕೊಂಡು ವಿಚಾರಿಸುವುದು ಪ್ರಯೋಜನಕರ. ಜೀವಕೋಶದ ಪೊರೆಯನ್ನು ಬೆಳಕಿನ ಸಹಾಯದಿಂದ ಅರಿಯುವ ಸೂಕ್ಷ್ಮ ಅನುರಣಕವೇ ಆ ಉಪಕರಣ. ಅದು ಕತ್ತರಿಸುವುದಿಲ್ಲ, ಬಣ್ಣ ಹಚ್ಚುವುದಿಲ್ಲ, ಪ್ರಾಣಿಯನ್ನು ಬೇಡುವುದಿಲ್ಲ. ಹಾಗಿದ್ದರೆ ಅದನ್ನು ಅಹಿಂಸೆಯ ಉಪಕರಣವೆಂದು ಕರೆಯಬಹುದೆ? ಮೇಲುನೋಟಕ್ಕೆ ಹೌದೆಂದು ತೋರುವ ಈ ಮಾತನ್ನು ಸ್ವಲ್ಪ ನಿಧಾನಿಸಿ ಪರಿಶೀಲಿಸಬೇಕಾಗಿದೆ.

ಪೊರೆ ಮತ್ತು ಅದರ ಚರಿತ್ರೆ

ಪ್ರತಿಯೊಂದು ಜೀವಕೋಶವನ್ನೂ ಒಂದು ತೆಳುವಾದ ಪೊರೆ ಸುತ್ತುವರಿದಿದೆ. ಅದರ ದಪ್ಪ ನಾಲ್ಕೈದು ನ್ಯಾನೋಮೀಟರ್ ಮಾತ್ರ; ಅಂಥ ಹತ್ತು ಸಾವಿರಕ್ಕೂ ಹೆಚ್ಚು ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ತಲೆಗೂದಲಿನ ದಪ್ಪವಾದೀತು. ಲಿಪಿಡ್ ಎಂದು ಕರೆಯುವ ಕೊಬ್ಬಿನ ಜಾತಿಯ ಅಣುಗಳು ಎರಡು ಸಾಲುಗಳಾಗಿ ನಿಂತು ಈ ಪೊರೆಯನ್ನು ಕಟ್ಟುತ್ತವೆ. ಅಣುವಿನ ತಲೆ ನೀರನ್ನು ಬಯಸುತ್ತದೆ, ಬಾಲ ನೀರನ್ನು ಒಲ್ಲದು; ಆದ್ದರಿಂದ ತಲೆಗಳು ಹೊರಗೂ ಬಾಲಗಳು ಒಳಗೂ ಸೇರಿ ಎರಡು ಪದರಗಳ ಹಾಳೆ ತಾನಾಗಿಯೇ ಏರ್ಪಡುತ್ತದೆ. ಈ ಹಾಳೆ ಗಟ್ಟಿಯಾದ ಗೋಡೆಯಲ್ಲ. 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟಂತೆ, ಅಣುಗಳು ಎಣ್ಣೆಯಂತೆ ಅತ್ತಿತ್ತ ಜಾರುತ್ತಲೇ ಇರುವ, ನಡುನಡುವೆ ಪ್ರೋಟೀನುಗಳು ತೇಲುತ್ತಿರುವ ದ್ರವರೂಪದ ಹಾಸು ಅದು.

ರೋಗಿಯ ಪಾಲಿಗೆ ಈ ಪೊರೆ ಬರಿಯ ಶಾಸ್ತ್ರವಿಷಯವಲ್ಲ. 2021ರಲ್ಲಿ ಕೋವಿಡ್‌ನ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರದ ರೋಗದ ಕಾಲದಲ್ಲಿ ಆಂಫೊಟೆರಿಸಿನ್ ಎಂಬ ಔಷಧಿಗಾಗಿ ಎಷ್ಟು ಕುಟುಂಬಗಳು ಊರೂರು ಅಲೆದವೆಂಬುದು ಇನ್ನೂ ಮರೆತಿರಲಾರದು. ಆ ಔಷಧಿಯು ಕೆಲಸ ಮಾಡುವುದು ಪೊರೆಯಲ್ಲಿಯೇ. ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಪದಾರ್ಥವನ್ನು ಹಿಡಿದು ಅದು ಶಿಲೀಂಧ್ರವನ್ನು ಕೊಲ್ಲುತ್ತದೆ. ಮನುಷ್ಯನ ಪೊರೆಯಲ್ಲಿರುವ ಕೊಲೆಸ್ಟೆರಾಲನ್ನೂ ಸ್ವಲ್ಪಮಟ್ಟಿಗೆ ತಟ್ಟುವುದರಿಂದ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಅದನ್ನೇ ಲಿಪಿಡ್ಡಿನ ಕಿರುಗುಳ್ಳೆಗಳೊಳಗೆ ಸೇರಿಸಿ ಕೊಟ್ಟರೆ ಹಾನಿ ಕಡಮೆಯಾಗುತ್ತದೆ. ಪೊರೆಯನ್ನು ಬಲ್ಲವರೇ ಇಂಥ ಔಷಧಿಯನ್ನು ರೂಪಿಸಬಲ್ಲರು. ಆದ್ದರಿಂದ ಈ ಜ್ಞಾನವು ಬೇಕು ಎಂಬಲ್ಲಿ ವಿವಾದವಿಲ್ಲ.

ಅದು ಬಂದ ದಾರಿಯನ್ನು ನೋಡಬೇಕು. ಪೊರೆಯು ಎರಡು ಪದರಗಳದೆಂದು 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಮೊದಲು ಊಹಿಸಿದಾಗ ಅವರು ಬಳಸಿದ್ದು ನಾಯಿ, ಕುರಿ, ಮೊಲ, ಮೇಕೆ, ಗಿನಿ ಇಲಿ ಹಾಗೂ ಮನುಷ್ಯರ ರಕ್ತಕಣಗಳನ್ನು. 1962ರಲ್ಲಿ ಮುಲ್ಲರ್, ರೂಡಿನ್ ಮತ್ತು ಅವರ ಸಂಗಡಿಗರು ಪ್ರಯೋಗಶಾಲೆಯಲ್ಲಿ ಕೃತಕ ಪೊರೆಯೊಂದನ್ನು ಕಟ್ಟಿ ನಿಲ್ಲಿಸಿದ್ದು ಜಾನುವಾರುಗಳ ಮೆದುಳಿನಿಂದ ತೆಗೆದ ಲಿಪಿಡ್ಡಿನಿಂದ. ಅದೇ ದಶಕದಲ್ಲಿ ಇಂಗ್ಲೆಂಡಿನ ಬೇಬ್ರಹಾಮ್‌ನಲ್ಲಿ ಬ್ಯಾಂಗಮ್ ಅವರು ಲೈಪೊಸೋಮ್ ಎಂಬ ಲಿಪಿಡ್ ಗುಳ್ಳೆಗಳನ್ನು ಅರಿತದ್ದು ಕೋಳಿಮೊಟ್ಟೆಯ ಲೆಸಿಥಿನ್ನಿನಿಂದ. ಲೆಸಿಥಿನ್ ಎಂಬ ಹೆಸರೇ ಮೊಟ್ಟೆಯ ಹಳದಿಯನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಬಂದದ್ದು. ಅಂದರೆ ಕೃತಕವೆಂದು ಕರೆಸಿಕೊಂಡ ಪೊರೆಯ ಮೂಲವೂ ಯಾವುದೋ ಒಂದು ಪ್ರಾಣಿಯ ಶರೀರದಲ್ಲಿತ್ತು.

ಪಿಸುಮಾತಿನ ಗುಮ್ಮಟದಿಂದ ಗಾಜಿನ ಮಣಿಗೆ

ವಿಜಯಪುರದ ಗೋಲ ಗುಮ್ಮಟವನ್ನು ಹತ್ತಿದವರಿಗೆ ಅಲ್ಲಿನ ಪಿಸುಗುಟ್ಟುವ ಮೊಗಸಾಲೆ ಪರಿಚಿತ. ಗೋಡೆಯ ಬಳಿ ಮೆಲ್ಲನೆ ಆಡಿದ ಮಾತು ವಿಶಾಲವಾದ ಗುಮ್ಮಟದ ಆಚೆ ಬದಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿಯೂ ಇಂಥದೇ ಮೊಗಸಾಲೆ ಇದ್ದು, ಧ್ವನಿಯು ಬಾಗಿದ ಗೋಡೆಗೆ ಅಂಟಿಕೊಂಡಂತೆ ಸಾಗುವ ಬಗೆಯನ್ನು ರೇಲಿ ಪ್ರಭುಗಳು 1878ರಲ್ಲಿಯೂ ಮತ್ತೆ 1910ರಲ್ಲಿಯೂ ವಿವರಿಸಿದರು. 1921ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಸಿ. ವಿ. ರಾಮನ್ ಅವರು ಸೇಂಟ್ ಪಾಲ್‌ನಲ್ಲಿ ಪ್ರಯೋಗ ನಡೆಸಿದರು. ಗೋಲ ಗುಮ್ಮಟವನ್ನೂ ತಮ್ಮ ಅಭ್ಯಾಸಕ್ಕೆ ತೆಗೆದುಕೊಂಡರು.

ಧ್ವನಿಗೆ ಗುಮ್ಮಟ ಹೇಗೋ, ಬೆಳಕಿಗೆ ಗಾಜಿನ ಸಣ್ಣ ಮಣಿ ಹಾಗೆ. ಗಾಜಿನ ತಂತುವಿನ ತುದಿಯನ್ನು ಕರಗಿಸಿದರೆ ಅದು ಕೂದಲೆಳೆಯ ದಪ್ಪದ ದುಂಡನೆಯ ಮಣಿಯಾಗುತ್ತದೆ. ಅದರೊಳಗೆ ಓರೆಯಾಗಿ ಹೊಕ್ಕ ಲೇಸರ್ ಬೆಳಕು ಅಂಚಿನಿಂದ ಹೊರಬೀಳಲಾರದೆ, ಪ್ರತಿಸಲವೂ ಒಳಕ್ಕೇ ಪ್ರತಿಫಲಿಸುತ್ತ, ಸುತ್ತುತ್ತಲೇ ಇರುತ್ತದೆ. ಒಂದು ಸುತ್ತಿನ ಉದ್ದದಲ್ಲಿ ಬೆಳಕಿನ ಅಲೆಗಳು ಪೂರ್ಣಸಂಖ್ಯೆಯಲ್ಲಿ ಹಿಡಿಸಿದಾಗ ಮಾತ್ರ ಆ ಬೆಳಕು ಬಲಗೊಂಡು ನಿಲ್ಲುತ್ತದೆ, ಇದೇ ಅನುರಣನ. 1989ರಲ್ಲಿ ಮಾಸ್ಕೋದ ವಿಜ್ಞಾನಿಗಳು ಇಂಥ ಗಾಜಿನ ಗೋಲಗಳಲ್ಲಿ ಬೆಳಕು ಎಷ್ಟು ದೀರ್ಘಕಾಲ ಉಳಿಯಬಲ್ಲುದೆಂದು ತೋರಿಸಿದರು. 2003ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಸಿಲಿಕಾನ್ ಹಾಳೆಯ ಮೇಲೆಯೇ ಅಂಥ ಗಾಜಿನ ಉಂಗುರಗಳನ್ನು ಮಾಡಲಾಯಿತು. ಇವುಗಳ ಗುಣಾಂಕ 10 ಕೋಟಿಯನ್ನು ಮೀರಿತ್ತು. ನೂರು ಮೈಕ್ರೋಮೀಟರ್ ಅಡ್ಡಳತೆಯ ಮಣಿಗೆ ಅಂಥ ಗುಣಾಂಕವಿದ್ದರೆ, ಒಳಹೊಕ್ಕ ಬೆಳಕು ಕ್ಷೀಣಿಸುವ ಮೊದಲು 50,000 ಸುತ್ತುಗಳನ್ನು ಹಾಕಿರುತ್ತದೆ.

ಸುತ್ತುವ ಬೆಳಕಿನ ಒಂದು ಅಲ್ಪಾಂಶ ಗಾಜಿನ ಮೈಯಿಂದ ಕೆಲವು ನೂರು ನ್ಯಾನೋಮೀಟರ್‌ಗಳಷ್ಟು ಹೊರಕ್ಕೆ ಚಾಚಿಕೊಂಡಿರುತ್ತದೆ. ಆ ನೆರೆಯಲ್ಲಿ ಏನಾದರೂ ಬಂದು ಕುಳಿತರೆ ಬೆಳಕಿನ ಪಾಲಿಗೆ ಮಣಿಯು ಕಿಂಚಿತ್ತು ದೊಡ್ಡದಾದಂತೆಯೇ. ಅನುರಣನದ ತರಂಗಾಂತರ ಸ್ವಲ್ಪ ಸರಿಯುತ್ತದೆ. ಆ ಸರಿತವನ್ನು ಅಳೆದರೆ ಏನು ಬಂತು, ಎಷ್ಟು ಬಂತು ಎಂಬುದು ತಿಳಿಯುತ್ತದೆ. 2002ರಲ್ಲಿ ಅಮೆರಿಕದಲ್ಲಿ ವೋಲ್ಮರ್, ಆರ್ನಾಲ್ಡ್ ಮತ್ತು ಅವರ ಸಂಗಡಿಗರು ಈ ವಿಧಾನದಿಂದ ಪ್ರೋಟೀನನ್ನು ಗುರುತಿಸಿದರು. 2008ರಲ್ಲಿ ಒಂದೊಂದೇ ಇನ್‌ಫ್ಲುಯೆಂಜಾ ವೈರಸ್ಸು ಬಂದು ಕೂರುವುದನ್ನೂ ಕಂಡರು.

ಪೊರೆಯ ಅಭ್ಯಾಸಕ್ಕೆ ಈ ಮಣಿ ಹೇಗೆ ಒದಗುತ್ತದೆ? ನೀರಿನಲ್ಲಿ ತೇಲುವ ಲಿಪಿಡ್ ಗುಳ್ಳೆಗಳನ್ನು ಗಾಜಿನ ಮೇಲೆ ಹರಿಯಬಿಟ್ಟರೆ ಅವು ಅಲ್ಲಿ ಕುಳಿತು, ಒಡೆದು, ಒಂದಕ್ಕೊಂದು ಕೂಡಿ, ಎರಡು ಪದರಗಳ ಅಖಂಡ ಹಾಸಾಗಿ ಹರಡುತ್ತವೆ. ಗಾಜಿನ ಆಧಾರದ ಮೇಲೆ ಪೊರೆಯನ್ನು ಹಾಸುವ ಈ ಕ್ರಮವನ್ನು 1980ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಮೆಕಾನೆಲ್ ಮತ್ತು ಅವರ ಶಿಷ್ಯರು ರೂಢಿಗೆ ತಂದರು. ಮಣಿಯ ಮೇಲೆ ಪೊರೆ ಹರಡುತ್ತಿರುವಾಗ ತರಂಗಾಂತರ ಸರಿಯುತ್ತ ಹೋಗಿ, ಹಾಸು ಪೂರ್ಣವಾದೊಡನೆ ನಿಲ್ಲುತ್ತದೆ. ಆಮೇಲೆ ಔಷಧಿಯ ಅಣು ಬಂದು ಪೊರೆಯನ್ನು ಹಿಡಿದರೆ ಮತ್ತೆ ಸರಿಯುತ್ತದೆ. ಪೊರೆ ಕಿತ್ತುಹೋದರೆ ಹಿಂದಕ್ಕೆ ಬರುತ್ತದೆ. ಬೆಳಕಿನ ಕಂಪನದ ಎರಡು ದಿಕ್ಕುಗಳನ್ನು ಹೋಲಿಸಿ ನೋಡಿದರೆ ಲಿಪಿಡ್ಡಿನ ಬಾಲಗಳು ಓರಣವಾಗಿ ನಿಂತಿವೆಯೋ ಚದುರಿವೆಯೋ ಎಂಬುದೂ ಗೊತ್ತಾಗುತ್ತದೆ. ಹಿಂದಿನ ವಿಧಾನಗಳಲ್ಲಿ ಅಣುವಿಗೆ ಹೊಳೆಯುವ ಬಣ್ಣದ ಗುರುತನ್ನು ಕಟ್ಟಬೇಕಾಗುತ್ತಿತ್ತು. ಗುರುತಿನ ಭಾರದಿಂದ ಅಣುವಿನ ನಡತೆಯೇ ಬದಲಾಗುವ ಸಂಭವವಿತ್ತು. ಇಲ್ಲಿ ಅಂಥ ಗುರುತು ಬೇಕಿಲ್ಲ. ಪೊರೆಯು ತನ್ನ ಪಾಡಿಗೆ ತಾನಿರುತ್ತದೆ, ಬೆಳಕು ಪಕ್ಕದಲ್ಲಿ ಸುಳಿದು ಹೋಗುತ್ತದೆ.

ಮೃದುತ್ವದ ಎರಡು ಮುಖಗಳು

ಇಷ್ಟನ್ನು ಕೇಳಿದ ಅಹಿಂಸಾಪ್ರಿಯರಿಗೆ ಸಂತೋಷವಾಗುವುದು ಸಹಜ. ಆದರೆ ಇಲ್ಲಿಯೇ ಒಂದು ಹಳೆಯ ಉಪಕರಣವನ್ನು ನೆನೆಯಬೇಕು. ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿ ಅತ್ಯಂತ ಮೃದುವಾದ ಉಪಕರಣ. ಕೂರುವ ಮುನ್ನ, ಕಮಂಡಲುವನ್ನು ಇಡುವ ಮುನ್ನ, ಅಲ್ಲಿರಬಹುದಾದ ಕಿರುಜೀವಿಗಳಿಗೆ ನೋವಾಗದಂತೆ ಸರಿಸುವುದಕ್ಕೆ ಅದು ಒದಗುತ್ತದೆ. ಆದರೆ ಅದರ ಅಹಿಂಸೆಯು ಬಳಕೆಯ ಮೃದುತ್ವದಲ್ಲಿ ಮುಗಿಯುವುದಿಲ್ಲ. ನವಿಲು ತಾನಾಗಿ ಉದುರಿಸಿದ ಗರಿಗಳಿಂದಲೇ ಪಿಂಛಿಯನ್ನು ಕಟ್ಟಬೇಕೆಂಬುದು ನಿಯಮ. ನವಿಲನ್ನು ಕೊಂದು ತಂದ ಗರಿಗಳೂ ಅಷ್ಟೇ ಮೃದುವಾಗಿರುತ್ತವೆ. ಇರುವೆಯ ಮೇಲೆ ಆಡಿಸಿದಾಗ ಇರುವೆಗೆ ವ್ಯತ್ಯಾಸ ತಿಳಿಯದು. ಆದರೂ ಅಂಥ ಪಿಂಛಿಯನ್ನು ಸಂಯಮದ ಉಪಕರಣವೆಂದು ಯಾರೂ ಒಪ್ಪಲಾರರು. ಉಪಕರಣವು ಹೇಗೆ ಮುಟ್ಟುತ್ತದೆ ಎಂಬುದು ಒಂದು ಪ್ರಶ್ನೆ. ಅದು ಎಲ್ಲಿಂದ ಬಂತು ಎಂಬುದು ಇನ್ನೊಂದು. ಒಂದರ ಉತ್ತರದಿಂದ ಇನ್ನೊಂದನ್ನು ಮುಚ್ಚಲಾಗದು.

ಬೆಳಕಿನ ಮಣಿಗೂ ಈ ಎರಡು ಪ್ರಶ್ನೆಗಳನ್ನೇ ಹಾಕಬೇಕು. ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ಚೆನ್ನಾಗಿದೆ. ಎರಡನೆಯದಕ್ಕೆ ಉತ್ತರವನ್ನು ಪ್ರತಿಸಲವೂ ಹುಡುಕಬೇಕಾಗುತ್ತದೆ. 2002ರ ಮೊದಲ ಪ್ರಯೋಗದಲ್ಲಿ ಗುರುತಿಸಿದ ಪ್ರೋಟೀನು ಜಾನುವಾರುಗಳ ರಕ್ತದಿಂದ ಪಡೆದ ಆಲ್ಬುಮಿನ್. ಇಂದಿಗೂ ಪೊರೆ ಹಾಸುವುದಕ್ಕೆ ಮಾರಾಟವಾಗುವ ಲಿಪಿಡ್‌ಗಳಲ್ಲಿ ಮೊಟ್ಟೆಯಿಂದ ತೆಗೆದದ್ದುಂಟು, ಹಂದಿಯ ಮೆದುಳಿನಿಂದ ತೆಗೆದದ್ದುಂಟು, ದನದ ಹೃದಯದಿಂದ ತೆಗೆದದ್ದುಂಟು. ಪೊರೆಗೆ ಬೆರೆಸುವ ಕೊಲೆಸ್ಟೆರಾಲ್ ಕುರಿಯ ಉಣ್ಣೆಯ ಜಿಡ್ಡಿನಿಂದ ಬಂದಿರಬಹುದು. ಅಣುಗಳನ್ನು ಮಣಿಯ ಮೈಗೆ ಕಟ್ಟಲು ಬಳಸುವ ಆವಿಡಿನ್ ಮೊಟ್ಟೆಯ ಬಿಳಿಯಿಂದ ಬಂದಿರಬಹುದು. ಪೊರೆಯಲ್ಲಿ ರಂಧ್ರ ಕೊರೆಯುವ ಗುಣವನ್ನು ಪರೀಕ್ಷಿಸಲು ತರುವ ಮೆಲಿಟಿನ್ ಜೇನುನೊಣದ ವಿಷ. ಅದನ್ನು ನೊಣದಿಂದಲೂ ಪಡೆಯಬಹುದು, ರಸಾಯನಕ್ರಿಯೆಯಿಂದಲೂ ಕಟ್ಟಬಹುದು. ಪ್ರಯೋಗದ ಮೇಜಿನ ಮೇಲೆ ಪ್ರಾಣಿ ಕಾಣದಿರುವುದು ಪ್ರಾಣಿಯು ಅಲ್ಲಿ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಮಾರುಕಟ್ಟೆಯ ಮೊಟ್ಟೆ ಫಲಿತವಾಗದ ಮೊಟ್ಟೆ, ಅದರಲ್ಲಿ ಮರಿಯಿಲ್ಲ, ಆದ್ದರಿಂದ ದೋಷವಿಲ್ಲ ಎಂಬುದು ಆ ಆಕ್ಷೇಪ. ಮರಿಯಿಲ್ಲವೆಂಬ ಮಾತು ನಿಜವಾದರೂ ವಿಚಾರ ಅಲ್ಲಿಗೆ ನಿಲ್ಲುವುದಿಲ್ಲ. ಮೊಟ್ಟೆಯ ಉದ್ಯಮದಲ್ಲಿ ಹುಟ್ಟಿದ ಗಂಡುಮರಿಗಳು ಮೊಟ್ಟೆಯಿಡವು. ಆ ತಳಿ ಮಾಂಸಕ್ಕೂ ಲಾಭಕರವಲ್ಲ. ಆದ್ದರಿಂದ ಅವುಗಳನ್ನು ಹುಟ್ಟಿದ ದಿನವೇ ಕೊಲ್ಲುವ ಪದ್ಧತಿ ಜಗತ್ತಿನ ಬಹುಭಾಗದಲ್ಲಿ ನಡೆದುಬಂದಿದೆ. ಜರ್ಮನಿಯು 2022ರ ಮೊದಲ ದಿನದಿಂದ ಇದನ್ನು ಕಾನೂನಿನಿಂದ ನಿಷೇಧಿಸಿತೆಂದರೆ, ಜೈನರಲ್ಲದವರ ಮನಸ್ಸಾಕ್ಷಿಗೂ ಇದು ತಾಗಿದೆಯೆಂದೇ ಅರ್ಥ. ಮೊಟ್ಟೆಯೊಳಗೆ ಜೀವವಿದೆಯೋ ಇಲ್ಲವೋ ಎಂಬ ವಾದದಲ್ಲಿ ಗೆದ್ದವನೂ ಮೊಟ್ಟೆಯ ಹಿಂದಿರುವ ಮರಿಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಇನ್ನೊಂದು ಆಕ್ಷೇಪ ಅಳತೆಯದು. ನೂರು ಮೈಕ್ರೋಮೀಟರಿನ ಮಣಿಯನ್ನು ಪೂರ್ತಿಯಾಗಿ ಮುಚ್ಚುವ ಪೊರೆಯ ತೂಕವನ್ನು ಲೆಕ್ಕ ಹಾಕಿದರೆ ಅದು ಒಂದು ಗ್ರಾಮಿನ ಸುಮಾರು ಸಾವಿರ ಕೋಟಿಯಲ್ಲಿ ಒಂದು ಪಾಲು. ತೊಳೆದು ಚೆಲ್ಲುವುದನ್ನೂ ಸೇರಿಸಿಕೊಂಡರೆ ಇದಕ್ಕಿಂತ ಬಹಳ ಹೆಚ್ಚು ಬೇಕಾದರೂ, ಒಂದು ಮೊಟ್ಟೆಯ ಹಳದಿಯಿಂದ ಬಂದ ಲಿಪಿಡ್ ಅಸಂಖ್ಯ ಪ್ರಯೋಗಗಳಿಗೆ ಸಾಲುತ್ತದೆ. ಇಷ್ಟು ಅಲ್ಪಕ್ಕೆ ಇಷ್ಟು ಜಿಜ್ಞಾಸೆಯೆ ಎಂದು ಕೇಳುವವರಿದ್ದಾರೆ. ಆದರೆ ಈ ಅಲ್ಪತ್ವವು ಎರಡೂ ಕಡೆಗೆ ಕೊಯ್ಯುವ ಮಾತು. ಬೇಕಾದುದು ಅಷ್ಟು ಅಲ್ಪವಾಗಿದ್ದರೆ, ನಿರ್ದೋಷವಾದ ಮೂಲದಿಂದ ತರಿಸುವುದಕ್ಕೆ ಆಗುವ ಹೆಚ್ಚಿನ ವೆಚ್ಚವೂ ಅಲ್ಪವೇ. ಅಗ್ಗವೆಂಬ ಕಾರಣವಾಗಲಿ, ಬೇರೆ ದಾರಿಯಿಲ್ಲವೆಂಬ ಕಾರಣವಾಗಲಿ ಇಲ್ಲಿ ನಿಲ್ಲದು. ಉಳಿಯುವುದು ರೂಢಿ ಒಂದೇ: ಹಿಂದಿನ ಪ್ರಬಂಧದಲ್ಲಿ ಮೊಟ್ಟೆಯ ಲಿಪಿಡ್ ಬಳಸಿದ್ದರು, ಆದ್ದರಿಂದ ಈ ಸಲವೂ ಅದನ್ನೇ ತರಿಸಿದರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನೂ ಸೇರಿಸಿ ಹೇಳಿದೆ. ಪ್ರಮಾದವೆಂದರೆ ಕ್ರೌರ್ಯವಲ್ಲ, ಎಚ್ಚರಗೇಡಿತನ. ಕೇಳಬಹುದಾಗಿದ್ದುದನ್ನು ಕೇಳದೆ ಬಿಟ್ಟದ್ದೂ ಅದರಲ್ಲಿ ಅಡಕವಾಗುತ್ತದೆ.

ಬೇರೆ ದಾರಿ ಇದೆ ಎಂಬುದು ಕಲ್ಪನೆಯಲ್ಲ. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಕ್ಯಾನ್ಸರ್ ರೋಗಿಗಳಿಗೆ ಕೊಡುವ ಡಾಕ್ಸಿಲ್ ಎಂಬ ಲೈಪೊಸೋಮ್ ಔಷಧಿಯ ಗುಳ್ಳೆಗಳನ್ನು ಕಟ್ಟುವುದು ಸೋಯಾ ಅವರೆಯ ಲೆಸಿಥಿನ್ನಿನಿಂದ. ಮನುಷ್ಯನ ರಕ್ತನಾಳಕ್ಕೆ ಸೇರಿಸಬಹುದಾದಷ್ಟು ಶುದ್ಧವಾದದ್ದು ಗಾಜಿನ ಮಣಿಗೆ ಸಾಲದೆ ಹೋಗುವುದಿಲ್ಲ. ಪ್ರಯೋಗಶಾಲೆಯಲ್ಲಿಯೇ ಕಟ್ಟಿದ, ಒಂದೇ ಬಗೆಯ ಅಣುಗಳಿರುವ ಕೃತಕ ಲಿಪಿಡ್‌ಗಳೂ ದೊರೆಯುತ್ತವೆ. ಮೊಟ್ಟೆಯ ಲಿಪಿಡ್ಡಿನಲ್ಲಿ ಹಲವು ಬಗೆಯ ಬಾಲಗಳು ಬೆರೆತಿರುವುದರಿಂದ, ನಿಷ್ಕೃಷ್ಟವಾದ ಅಳತೆಗೆ ಈ ಶುದ್ಧ ಲಿಪಿಡ್‌ಗಳೇ ಮೇಲು. ಸಸ್ಯಮೂಲದ ಕೊಲೆಸ್ಟೆರಾಲೂ ಈಗ ಸಿಗುತ್ತದೆ. ಅನೇಕ ಪ್ರಯೋಗಗಳಲ್ಲಿ ಧರ್ಮದ ಆಯ್ಕೆ ಮತ್ತು ಶಾಸ್ತ್ರದ ಆಯ್ಕೆ ಒಂದೇ ಆಗಿರುವುದು ಸಮಾಧಾನದ ಸಂಗತಿ.

ಇದರಿಂದ ಹಿಂಸೆ ಶೂನ್ಯವಾಯಿತೆಂದು ಭಾವಿಸಬಾರದು. ಸೋಯಾ ಗಿಡವೂ ಏಕೇಂದ್ರಿಯ ಜೀವ. ಲಿಪಿಡ್ಡನ್ನು ಕರಗಿಸಲು ಬಳಸುವ ಕ್ಲೋರೋಫಾರ್ಮನ್ನು ಎಚ್ಚರವಿಲ್ಲದೆ ಚರಂಡಿಗೆ ಸುರಿದರೆ ನೀರೂ ನೀರಿನ ಜೀವಿಗಳೂ ನವೆಯುತ್ತವೆ. ಗೃಹಸ್ಥನ ಬಾಳಿನಲ್ಲಿ ಉದ್ಯೋಗದಿಂದಲೂ ಮನೆವಾರ್ತೆಯಿಂದಲೂ ಆಗುವ ಹಿಂಸೆಯನ್ನು ಸಂಕಲ್ಪಪೂರ್ವಕವಾದ ಹಿಂಸೆಯಿಂದ ಬೇರ್ಪಡಿಸಿ ಹೇಳಿದ ಪೂರ್ವಾಚಾರ್ಯರು, ಅನಿವಾರ್ಯವಾದುದನ್ನು ಕಡಮೆ ಮಾಡುತ್ತ ಹೋಗಬೇಕೆಂದು ಬೋಧಿಸಿದರೇ ಹೊರತು ಅನಿವಾರ್ಯವೆಂಬ ಹೆಸರಿನಲ್ಲಿ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳಬೇಕೆಂದಲ್ಲ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು ಪ್ರಾಣಿಪ್ರಯೋಗದ ಬಗ್ಗೆ ಬರೆದ ಗ್ರಂಥದಲ್ಲಿ ಮೂರು ಸೂತ್ರಗಳನ್ನು ಮುಂದಿಟ್ಟರು: ಪ್ರಾಣಿಯ ಬದಲು ಬೇರೊಂದನ್ನು ಬಳಸುವುದು, ಬಳಸುವ ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಮೆ ಮಾಡುವುದು. ಶ್ರಾವಕಾಚಾರವನ್ನು ಓದಿದವರಿಗೆ ಈ ಕ್ರಮ ಅಪರಿಚಿತವೆನಿಸದು.

ಕಂಡದ್ದನ್ನು ಹೇಳುವ ಮಿತಿ

ಮೂಲದ ಪ್ರಶ್ನೆಯಂತೆಯೇ ಮಾತಿನ ಪ್ರಶ್ನೆಯೂ ಇದೆ. ಬೆಳಕಿನ ಮಣಿ ಪೊರೆಯನ್ನು ಮುಟ್ಟುವುದಿಲ್ಲ ಎಂದು ಹೇಳುವುದು ರೂಢಿಯ ಮಾತು, ಪೂರ್ಣಸತ್ಯವಲ್ಲ. ಬೆಳಕಿಗೆ ಶಕ್ತಿಯಿದೆ, ಅತಿಯಾದರೆ ಪೊರೆ ಬಿಸಿಯಾಗುತ್ತದೆ. ಗಾಜಿಗೂ ಪೊರೆಗೂ ನಡುವೆ ಒಂದೆರಡು ನ್ಯಾನೋಮೀಟರ್ ನೀರು ಮಾತ್ರ ಇರುವುದರಿಂದ ಗಾಜಿನ ಸೆಳೆತ ಪೊರೆಗೆ ತಟ್ಟುತ್ತದೆ. ಸ್ವತಂತ್ರವಾಗಿ ತೇಲುವ ಪೊರೆಯಲ್ಲಿ ಅಣುಗಳು ಜಾರುವ ವೇಗ ಇಲ್ಲಿ ತಗ್ಗುತ್ತದೆ. ಜೀವಂತ ಕೋಶದ ಪೊರೆಯಲ್ಲಿ ನೂರಾರು ಬಗೆಯ ಲಿಪಿಡ್‌ಗಳೂ ಪ್ರೋಟೀನುಗಳೂ ಒಳಗಿನಿಂದ ಹಿಡಿದು ನಿಲ್ಲಿಸುವ ಕಂಕಾಲವೂ ಇವೆ. ಮಣಿಯ ಮೇಲಿನ ಪೊರೆಯಲ್ಲಿ ಎರಡು ಮೂರು ಬಗೆಯ ಲಿಪಿಡ್ ಇದ್ದರೆ ಹೆಚ್ಚು. ಆದ್ದರಿಂದ ಇಲ್ಲಿ ದೊರೆಯುವುದು ಒಂದು ನಯದ ಜ್ಞಾನ. ಗಾಜಿನ ಆಧಾರದ ಮೇಲೆ, ಇಂಥ ಲಿಪಿಡ್ಡಿನಲ್ಲಿ, ಇಷ್ಟು ಶಾಖದಲ್ಲಿ, ಈ ಅಣು ಹೀಗೆ ವರ್ತಿಸಿತು ಎಂಬುದಷ್ಟೇ ಅದು ಹೇಳಬಲ್ಲ ಮಾತು. ಅನೇಕಾಂತವನ್ನು ಬಾಯಿಮಾತಿಗೆ ಹೊಗಳುವವರು ಅದನ್ನು ಆಚರಣೆಯಲ್ಲಿ ಕಾಣಬೇಕೆಂದರೆ ಇಂಥ ಪ್ರಯೋಗದ ವರದಿಯನ್ನು ಓದಬಹುದು: ಒಳ್ಳೆಯ ವಿಜ್ಞಾನಿಯು ತನ್ನ ವಾಕ್ಯಕ್ಕೆ 'ಸ್ಯಾತ್' ಎಂಬುದನ್ನು ತಾನೇ ಸೇರಿಸಿಕೊಂಡಿರುತ್ತಾನೆ.

ಈ ಮಿತಿಯನ್ನು ಮರೆತರೆ ಏನಾಗುತ್ತದೆ? ಪ್ರಾಣಿಗಳ ಮೇಲಿನ ಕರುಣೆಯಿಂದಲೇ ಹುಟ್ಟುವ ಒಂದು ಅಸತ್ಯದ ಅಪಾಯ ಇಲ್ಲಿದೆ. ಅಮೆರಿಕದಲ್ಲಿ 1938ರ ಕಾನೂನಿನ ಕಾಲದಿಂದ ಹೊಸ ಔಷಧಿಯನ್ನು ಮನುಷ್ಯರಿಗೆ ಕೊಡುವ ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ಕಡ್ಡಾಯವೆಂಬಂತಿತ್ತು; 2022ರ ಡಿಸೆಂಬರಿನಲ್ಲಿ ಆ ಕಟ್ಟನ್ನು ಸಡಿಲಿಸಿ, ಪ್ರಾಣಿರಹಿತ ವಿಧಾನಗಳಿಗೂ ಕಾನೂನು ಎಡೆಮಾಡಿಕೊಟ್ಟಿತು. ಭಾರತ ಸರ್ಕಾರವೂ 2019ರ ಔಷಧ ಪರೀಕ್ಷಾ ನಿಯಮಗಳನ್ನು 2023ರ ಮಾರ್ಚಿನಲ್ಲಿ ತಿದ್ದಿ ಇದೇ ಹಾದಿಯನ್ನು ತೆರೆಯಿತು. ಪ್ರಸಾಧನ ಸಾಮಗ್ರಿಗಳ ಪರೀಕ್ಷೆಗೆ ಪ್ರಾಣಿಗಳ ಬಳಕೆಯನ್ನು ಭಾರತವು 2014ರಲ್ಲಿಯೇ ನಿಲ್ಲಿಸಿತ್ತು. ಇವೆಲ್ಲ ಹರ್ಷದ ಸುದ್ದಿಗಳು. ಆದರೆ ಪೊರೆಯ ಮಣಿಯೊಂದು ಒಂದು ಔಷಧಿಯನ್ನು ನಿರಪಾಯಕರವೆಂದು ಸಾಧಿಸಲಾರದು. ಯಕೃತ್ತು ಏನು ಮಾಡೀತು, ಗರ್ಭದ ಶಿಶುವಿಗೆ ಏನಾದೀತು ಎಂಬುದನ್ನು ಅದು ಅರಿಯದು. ಸಾವಿರ ಅಣುಗಳಲ್ಲಿ ಪೊರೆಯನ್ನು ಕೆಡಿಸುವವನ್ನು ಮೊದಲೇ ಬೇರ್ಪಡಿಸಿ, ಮುಂದೆ ಪ್ರಾಣಿಗಳ ಮೇಲೆ ನಡೆಯಬಹುದಾದ ಎಷ್ಟೋ ಪರೀಕ್ಷೆಗಳನ್ನು ಅದು ಅನವಶ್ಯಕವಾಗಿಸಬಹುದು. ಅದೇ ದೊಡ್ಡ ಉಪಕಾರ. ಅದಕ್ಕಿಂತ ಹೆಚ್ಚನ್ನು ಅದರ ಬಾಯಲ್ಲಿ ಹೇಳಿಸಿದರೆ, ಮೊಲವನ್ನು ಉಳಿಸಿದ ಹೆಮ್ಮೆಯಲ್ಲಿ ರೋಗಿಯನ್ನು ಕಳೆದುಕೊಳ್ಳಬೇಕಾದೀತು. ಅಹಿಂಸಾವ್ರತವು ಸತ್ಯವ್ರತದ ಕೈಹಿಡಿದೇ ನಡೆಯಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಇದಕ್ಕೆ ಪ್ರತಿಯಾದ ದೋಷವೂ ಒಂದಿದೆ. ಮೆದುಳಿನ ಪೊರೆಯಲ್ಲಿರುವಂಥ ಜಟಿಲವಾದ ಲಿಪಿಡ್ ಮಿಶ್ರಣವನ್ನು ಸಸ್ಯದಿಂದಾಗಲಿ ರಸಾಯನಕ್ರಿಯೆಯಿಂದಾಗಲಿ ಪೂರ್ತಿಯಾಗಿ ಹೊಂದಿಸುವುದು ಸುಲಭವಲ್ಲ. ಅಂಥ ಕಡೆ ಬೇರೆ ದಾರಿಯಿದ್ದೂ ಇಲ್ಲವೆಂದು ಹೇಳುವುದು ಎಷ್ಟು ತಪ್ಪೋ, ಇಲ್ಲದಿದ್ದರೂ ಇದೆಯೆಂದು ಹೇಳುವುದೂ ಅಷ್ಟೇ ತಪ್ಪು. ಪ್ರಾಣಿಮೂಲದ ವಸ್ತುವನ್ನು ಬಳಸಲೇಬೇಕಾಗಿ ಬಂದಾಗ ಅದನ್ನು ಮರೆಮಾಚದೆ, ಏಕೆ ಬೇಕಾಯಿತೆಂದು ಬರೆದಿಡುವುದು ಪ್ರಾಮಾಣಿಕತೆಯ ಕನಿಷ್ಠ ಮಟ್ಟ. ಬರೆದಿಟ್ಟದ್ದನ್ನು ಓದಿದ ಇನ್ನೊಬ್ಬನು ನಾಳೆ ಅದಕ್ಕೆ ಬದಲಿಯನ್ನು ಕಂಡುಹಿಡಿದಾನು; ಮರೆಮಾಚಿದ್ದನ್ನು ಯಾರೂ ತಿದ್ದಲಾರರು.

ಶ್ರಾವಕರ ಪಾಲಿನ ಹೊಣೆ

ಪ್ರಯೋಗಶಾಲೆಯ ಮಾತು ಗೃಹಸ್ಥರಿಗೂ ಧರ್ಮಸಂಸ್ಥೆಗಳಿಗೂ ಏಕೆ ಎಂದು ಕೆಲವರಿಗೆ ಅನಿಸಬಹುದು. ಮಾಡುವುದು, ಮಾಡಿಸುವುದು, ಮಾಡಿದುದಕ್ಕೆ ಸಮ್ಮತಿಸುವುದು ಈ ಮೂರನ್ನೂ ಜೈನಾಚಾರವು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಔಷಧಿಯನ್ನು ಕೊಳ್ಳುವ ಮನೆ, ವಿದ್ಯಾರ್ಥಿವೇತನ ಕೊಡುವ ಟ್ರಸ್ಟು, ಮಹಾವಿದ್ಯಾಲಯವನ್ನು ನಡೆಸುವ ಸಂಘ, ಮಗಳನ್ನು ಸಂಶೋಧನೆಗೆ ಕಳುಹಿಸುವ ತಂದೆತಾಯಿ ಇವರೆಲ್ಲರೂ ಯಾವುದೋ ಒಂದು ಅಂಶದಲ್ಲಿ ಮಾಡಿಸುವವರೂ ಸಮ್ಮತಿಸುವವರೂ ಆಗಿದ್ದಾರೆ.

ಜೀವರಸಾಯನವನ್ನು ಓದಿ ಇಂಥ ಪ್ರಯೋಗಶಾಲೆಗೆ ಸೇರಬೇಕೆಂದಿರುವ ಒಬ್ಬ ಜೈನ ವಿದ್ಯಾರ್ಥಿನಿಯನ್ನು ಊಹಿಸಬಹುದು. ಮೊದಲ ವಾರವೇ ಅವಳ ಕೈಗೆ ಮೊಟ್ಟೆಯ ಲಿಪಿಡ್ಡಿನ ಸೀಸೆ ಬರುತ್ತದೆ. ಮನೆಯವರು ಅವಳಿಗೆ ಎರಡು ಬಗೆಯ ಸಲಹೆ ಕೊಡುವುದುಂಟು. ಬಿಟ್ಟು ಬಾ, ನಮಗೆ ಆ ವಿದ್ಯೆ ಬೇಡ ಎಂಬುದೊಂದು. ಅಲ್ಲಿ ಅದೆಲ್ಲ ಇದ್ದದ್ದೇ, ಮನೆಯ ಆಚಾರ ಮನೆಗೆ, ಕಚೇರಿಯ ಆಚಾರ ಕಚೇರಿಗೆ ಎಂಬುದು ಇನ್ನೊಂದು. ಮೊದಲನೆಯದರಿಂದ ಅವಳ ಕೈ ಶುದ್ಧವಾಗಿ ಉಳಿಯುತ್ತದೆ, ಸೀಸೆ ಮಾತ್ರ ಇನ್ನೊಬ್ಬರ ಕೈಗೆ ಹೋಗುತ್ತದೆ. ಎರಡನೆಯದರಿಂದ ವ್ರತವು ಅಡಿಗೆಮನೆಯೊಳಗೆ ಬಂಧಿಯಾಗುತ್ತದೆ. ಇವೆರಡಕ್ಕಿಂತ ಕಠಿನವಾದ ಮೂರನೆಯ ದಾರಿ ಉಂಟು. ಅವಳು ಅಲ್ಲಿಯೇ ಉಳಿದು, ಈ ಅಳತೆಗೆ ಸೋಯಾದ ಅಥವಾ ಕೃತಕ ಲಿಪಿಡ್ ಸಾಲದೇಕೆ ಎಂದು ವಿನಯದಿಂದ ಕೇಳಬೇಕು. ಸಾಲುವುದೆಂದು ತನ್ನ ಪ್ರಯೋಗದಿಂದ ತೋರಿಸಬೇಕು. ಒಂದು ಪ್ರಯೋಗಶಾಲೆಯ ಕೊಳ್ಳುವ ಪಟ್ಟಿಯಲ್ಲಿ ಒಂದು ಸಾಲು ಬದಲಾದರೆ, ಅದನ್ನು ಅನುಸರಿಸುವ ಪ್ರಬಂಧಗಳಲ್ಲಿಯೂ ಅದು ಬದಲಾಗುತ್ತದೆ. ರೂಢಿಯಿಂದ ಹಬ್ಬಿದ ಪ್ರಮಾದವು ರೂಢಿಯಿಂದಲೇ ಹಿಂಜರಿಯಬೇಕು. ಆದರೆ ಇದಕ್ಕೆ ಅವಳೊಬ್ಬಳ ಧೈರ್ಯ ಸಾಲದು. ಪ್ರಶ್ನೆ ಕೇಳಿದುದಕ್ಕಾಗಿ ಅವಳಿಗೆ ತೊಡಕಾದರೆ ಹಿಂದೆ ನಿಲ್ಲುವ ಮನೆಯೂ ಸಮಾಜವೂ ಬೇಕು.

ವಿದ್ಯಾರ್ಥಿವೇತನವನ್ನು ನೀಡುವ ಬಸದಿಯ ಟ್ರಸ್ಟುಗಳು ಅರ್ಜಿಯಲ್ಲಿ ಅಂಕಪಟ್ಟಿಯನ್ನೂ ಆದಾಯಪತ್ರವನ್ನೂ ಕೇಳುವುದು ಸರಿಯೇ. ಅದರೊಡನೆ, ಪ್ರಯೋಗಕ್ಕೆ ಬೇಕಾದ ವಸ್ತುಗಳು ಎಲ್ಲಿಂದ ಬರುತ್ತವೆ, ಪ್ರಾಣಿಮೂಲದ್ದಾದರೆ ಬದಲಿಯನ್ನು ಹುಡುಕಲಾಗಿದೆಯೆ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿದರೆ ಯಾರಿಗೂ ಹೊರೆಯಾಗದು. ಉತ್ತರ ಅತೃಪ್ತಿಕರವಾದರೆ ವೇತನವನ್ನು ನಿಲ್ಲಿಸಬೇಕೆಂದಲ್ಲ. ಬದಲಿ ವಸ್ತುವಿನ ಹೆಚ್ಚಿನ ಬೆಲೆಯನ್ನು ಟ್ರಸ್ಟೇ ಭರಿಸುವುದು ಅದಕ್ಕಿಂತ ಉಚಿತವಾದ ದಾನ. ಅಭಯದಾನವು ಕಸಾಯಿಖಾನೆಯ ಬಾಗಿಲಿನಲ್ಲಿ ಮಾತ್ರ ನಡೆಯಬೇಕೆಂಬ ನಿಯಮವಿಲ್ಲ. ಒಂದು ಸೀಸೆಯ ಬೆಲೆಯ ವ್ಯತ್ಯಾಸವನ್ನು ತುಂಬಿಕೊಡುವುದರಲ್ಲಿಯೂ ಅದು ನಡೆಯಬಹುದು. ತಮ್ಮ ಆಡಳಿತದ ಕಾಲೇಜುಗಳಲ್ಲಿ ಯಾವ ಲಿಪಿಡ್, ಯಾವ ಪ್ರೋಟೀನು ಕೊಳ್ಳಲಾಗುತ್ತಿದೆಯೆಂಬುದನ್ನು ವರ್ಷಕ್ಕೊಮ್ಮೆ ನೋಡುವುದೂ ಆಡಳಿತ ಮಂಡಲಿಯ ಕರ್ತವ್ಯದೊಳಗೇ ಬರುತ್ತದೆ.

ಬೆಳಕನ್ನು ಗಾಜಿನ ಮಣಿಯೊಳಗೆ ಸುತ್ತಿಸಿ ಪೊರೆಯ ಸ್ವಭಾವವನ್ನು ಅರಿಯುವ ವಿದ್ಯೆ ಮನುಷ್ಯನ ಬುದ್ಧಿಯ ಶ್ರೇಷ್ಠ ಫಲಗಳಲ್ಲೊಂದು. ಅದನ್ನು ಶಂಕಿಸುವುದೂ ಬೇಡ, ಪೂಜಿಸುವುದೂ ಬೇಡ. ಅದರ ಮೃದುತ್ವವನ್ನು ಮೆಚ್ಚಿ, ಅದರ ಮೂಲವನ್ನು ವಿಚಾರಿಸಿ, ಅದು ಹೇಳಿದಷ್ಟನ್ನೇ ನಂಬಿ ಬಳಸುವವರಿಂದ ಅದಕ್ಕೆ ಅಹಿಂಸೆಯ ಹೆಸರು ಬರಬೇಕು. ಉಪಕರಣವು ತಾನಾಗಿ ವ್ರತವನ್ನು ಧರಿಸುವುದಿಲ್ಲ. ನವಿಲುಗರಿಯನ್ನು ಆಯ್ದುಕೊಳ್ಳುವಾಗ ಇರಬೇಕಾದ ಎಚ್ಚರವೇ ಲಿಪಿಡ್ಡಿನ ಸೀಸೆಯನ್ನು ಆಯ್ದುಕೊಳ್ಳುವಾಗಲೂ ಇರಲಿ ಎಂಬುದಷ್ಟೇ ಶ್ರಾವಕ ಸಮಾಜವು ತನ್ನ ಮಕ್ಕಳಿಗೆ ಕಲಿಸಬೇಕಾದ ಪಾಠ.